ಕಣ್ಣೀರಿನ ಕಾವಲು

ಗಾಳಿಯ ಧೂಳಿನೊಡನೆ ತೇಲಿಬರುವ ಅಸಂಖ್ಯ ಬ್ಯಾಕ್ಟೀರಿಯಾಗಳು ಹಗಲೆಲ್ಲ ಮನುಷ್ಯನ ಕಣ್ಣಿನ ಮೇಲೆ ಬಂದೆರಗುತ್ತವೆ. ಬೆಚ್ಚಗಿನ, ತೇವವಾದ ಆ ಸ್ಥಳ ಅವುಗಳ ಬೆಳವಣಿಗೆಗೆ ಹೇಳಿಮಾಡಿಸಿದಂತಿದೆ. ಆದರೂ ಕಣ್ಣು ದಿನದಿನವೂ ಕೀವುಗಟ್ಟುವುದಿಲ್ಲ. ಇದರ ಗುಟ್ಟು ಹೊರಬಿದ್ದುದು ಒಂದು ನೆಗಡಿಯಿಂದ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗರು ಫ್ರಾನ್ಸಿನ ಬುಲೋನ್ ನಗರದಲ್ಲಿ ಗಾಯಾಳು ಸೈನಿಕರ ನಡುವೆ ಕೆಲಸ ಮಾಡಿದ್ದರು. ಆಳವಾದ ಗಾಯಗಳಿಗೆ ಹಾಕುತ್ತಿದ್ದ ಕಟುವಾದ ನಂಜುನಾಶಕಗಳು ರೋಗಾಣುಗಳಿಗಿಂತ ಹೆಚ್ಚಾಗಿ ರಕ್ತದ ಬಿಳಿಯ ಕಣಗಳನ್ನೇ ಕೊಲ್ಲುತ್ತಿದ್ದುದನ್ನು ಅಲ್ಲಿ ಕಂಡಿದ್ದರು. ಕಾಯುವವನನ್ನೇ ಕೊಂದ ಔಷಧಿಯಿಂದ ರೋಗಿಗೆ ಬಂದ ಭಾಗ್ಯವೇನು? ಶತ್ರುವನ್ನು ಮಾತ್ರ ಅಳಿಸುವ ವಸ್ತುವಿನ ಹುಡುಕಾಟ ಅವರ ಮನಸ್ಸಿನಲ್ಲಿ ಬೇರೂರಿತು.

1921ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿದ್ದಾಗ ಅವರಿಗೆ ನೆಗಡಿಯಾಯಿತು. ತಮ್ಮ ಸಿಂಬಳವನ್ನೇ ಗಾಜಿನ ತಟ್ಟೆಯಲ್ಲಿಟ್ಟು ಪರೀಕ್ಷಿಸಿದರು. ತಟ್ಟೆಯಲ್ಲಿ ಹಳದಿ ಬಣ್ಣದ ಬ್ಯಾಕ್ಟೀರಿಯಾಗಳು ಬೆಳೆದವು. ಆದರೆ ಸಿಂಬಳದ ಬಳಿಯಿದ್ದವು ಕರಗಿ ಗಾಜಿನಂತಾಗಿದ್ದವು. ಕಣ್ಣೀರಿಗೂ ಈ ಶಕ್ತಿಯಿರುವುದು ಬಳಿಕ ತಿಳಿಯಿತು. ಪ್ರಯೋಗಕ್ಕೆ ಕಣ್ಣೀರು ಬೇಕಾದಾಗ ಜೊತೆಗಾರರ ಕಣ್ಣಿಗೆ ನಿಂಬೆಯ ಸಿಪ್ಪೆಯನ್ನು ಹಿಂಡಲಾಗುತ್ತಿತ್ತು. ಅಳುವಿಗೆ ದುಃಖವೇ ಬೇಕೆಂದಿಲ್ಲವಷ್ಟೆ! ಎಂಜಲು, ಎದೆಹಾಲು, ಕೋಳಿಮೊಟ್ಟೆಯ ಬಿಳಿಭಾಗ ಇವುಗಳಲ್ಲಿಯೂ ಆ ವಸ್ತುವಿದೆ. ಅದಕ್ಕೆ ಲೈಸೋಜೈಮ್ ಎಂದು ಹೆಸರಾಯಿತು.

ಲೈಸೋಜೈಮ್ ಒಂದು ಕಿಣ್ವ. ಬ್ಯಾಕ್ಟೀರಿಯಾವನ್ನು ಸುತ್ತುವರಿದ ಗೋಡೆ ಸಕ್ಕರೆಯ ಜಾತಿಯ ಅಣುಗಳ ಸರಪಳಿಗಳಿಂದ ಹೆಣೆದ ಬಲೆಯಂತಿರುತ್ತದೆ. ಒಳಗಿನ ಒತ್ತಡವನ್ನು ತಡೆದು ನಿಲ್ಲಿಸುವುದು ಈ ಬಲೆಯೇ. ಕಿಣ್ವವು ಸರಪಳಿಯ ಕೊಂಡಿಗಳನ್ನು ಕತ್ತರಿಸಿದೊಡನೆ ಗೋಡೆ ಸಡಿಲಗೊಳ್ಳುತ್ತದೆ, ನೀರು ಒಳನುಗ್ಗುತ್ತದೆ, ಜೀವಕೋಶ ಒಡೆಯುತ್ತದೆ. ಮನುಷ್ಯನ ಜೀವಕೋಶಗಳಿಗೆ ಅಂಥ ಗೋಡೆಯೇ ಇಲ್ಲದಿರುವುದರಿಂದ ಅವುಗಳಿಗೆ ಭಯವಿಲ್ಲ. ಕಣ್ಣೀರಿನಲ್ಲಿರುವ ಲ್ಯಾಕ್ಟೋಫೆರಿನ್ ಎಂಬ ಇನ್ನೊಂದು ಪ್ರೋಟೀನು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳನ್ನು ಉಪವಾಸ ಕೆಡವುತ್ತದೆ.

ಆದರೆ ಫ್ಲೆಮಿಂಗರಿಗೆ ನಿರಾಶೆಯೂ ಕಾದಿತ್ತು. ಲೈಸೋಜೈಮಿನಿಂದ ಬೇಗನೆ ಕರಗಿದವು ಹೆಚ್ಚಾಗಿ ನಿರಪಾಯ ಬ್ಯಾಕ್ಟೀರಿಯಾಗಳು. ರೋಗ ತರುವ ಹಲವು ಜಾತಿಗಳು ಜಗ್ಗಲಿಲ್ಲ. ಕೆಲವಕ್ಕೆ ಗೋಡೆಯ ಹೊರಗೆ ಇನ್ನೊಂದು ಹೊದಿಕೆಯಿರುತ್ತದೆ. ಕೆಲವು ಗೋಡೆಯ ರಚನೆಯನ್ನೇ ಮಾರ್ಪಡಿಸಿಕೊಂಡಿರುತ್ತವೆ. ನಿಜಕ್ಕೂ ಇದರಲ್ಲಿ ಆಶ್ಚರ್ಯಪಡುವಂಥದೇನೂ ಇಲ್ಲ. ಈ ಕಾವಲನ್ನು ದಾಟಬಲ್ಲವುಗಳಿಗೆ ತಾನೇ ರೋಗ ತರಲು ಸಾಧ್ಯ?

ಏಳು ವರ್ಷಗಳ ತರುವಾಯ, 1928ರಲ್ಲಿ, ಅದೇ ಆಸ್ಪತ್ರೆಯಲ್ಲಿ ಮತ್ತೊಂದು ತಟ್ಟೆ ಫ್ಲೆಮಿಂಗರ ಕಣ್ಣಿಗೆ ಬಿದ್ದಿತು. ಕರಗುವ ಬ್ಯಾಕ್ಟೀರಿಯಾಗಳನ್ನು ಗುರುತಿಸಲು ಅವರ ಕಣ್ಣು ಆಗಲೇ ಪಳಗಿತ್ತು. ಪೆನಿಸಿಲಿಯಂ ಎಂಬ ಬೂಷ್ಟಿನ ಸುತ್ತ ಈ ಸಲ ಕರಗಿಹೋಗಿದ್ದವು ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾಗಳು, ಗಾಯಗಳನ್ನು ಕೀವುಗಟ್ಟಿಸುವ ಜಾತಿಯವು.