‘ಶಿಸ್ತು’ ಎಂಬ ಮನೆಮಾತು

ಬೆಳಗಾಯಿತೆಂದರೆ ನಮ್ಮ ಮನೆಗಳಲ್ಲಿ ಈ ಮಾತು ಕಿವಿಗೆ ಬೀಳದಿರುವುದಿಲ್ಲ. “ಹಾಸಿಗೆಯನ್ನು ಶಿಸ್ತಾಗಿ ಸುತ್ತಿಡು” ಎನ್ನುತ್ತಾಳೆ ತಾಯಿ; “ಓದಿಗೊಂದು ಶಿಸ್ತು ಬೇಡವೆ?” ಎನ್ನುತ್ತಾರೆ ತಂದೆ. ಮಡಿಕೆ ಮುರಿಯದ ಬಟ್ಟೆ ತೊಟ್ಟು ಹೊರಟ ಮೊಮ್ಮಗನನ್ನು ಕಂಡ ಅಜ್ಜಿ “ಏನು ಶಿಸ್ತುಗಾರನಪ್ಪಾ!” ಎಂದು ನಗುತ್ತಾಳೆ. ಅಚ್ಚುಕಟ್ಟು, ನಿಯಮ, ಸೊಗಸು ಎಂಬ ಮೂರು ಅರ್ಥಗಳು ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಇಷ್ಟು ಬಳಕೆಯದಾದುದರಿಂದಲೇ ಅದರ ಹುಟ್ಟು ಎಲ್ಲಿಯದೆಂದು ನಾವು ಕೇಳುವುದಿಲ್ಲ.

ಕೇಳಿದರೆ ಪಂಡಿತರು ಥಟ್ಟನೆ ತೋರಿಸುವುದು ಸಂಸ್ಕೃತದ ‘ಶಿಷ್ಟ’ ಶಬ್ದವನ್ನು. ಅದರಲ್ಲಿ ಶಿಕ್ಷಣ ಹೊಂದಿದವನು ಎಂಬ ಅರ್ಥವಿದೆ. ಉಳಿದದ್ದು ಎಂಬ ಅರ್ಥವೂ ಇದೆ. ಅರ್ಥವೇನೋ ಒಪ್ಪುತ್ತದೆ, ಧ್ವನಿ ಒಪ್ಪುವುದಿಲ್ಲ. ದೃಷ್ಟಿ ಕನ್ನಡಕ್ಕೆ ಬಂದು ದಿಟ್ಟಿಯಾಯಿತು, ಶ್ರೇಷ್ಠಿ ಸೆಟ್ಟಿಯಾದನು. ಈ ಜಾಡಿನಲ್ಲಿ ಶಿಷ್ಟ ನಡೆದಿದ್ದರೆ ‘ಸಿಟ್ಟ’ ಎಂದಾಗಬೇಕಾಗಿತ್ತೇ ಹೊರತು ಶಿಸ್ತು ಎಂದಲ್ಲ. ಇನ್ನೊಂದು ದಾರಿ ಪಾರಸಿಯದು. ಗಶ್ತ್ ನಮ್ಮಲ್ಲಿ ಗಸ್ತು ಆಯಿತು, ಬಂದೋಬಸ್ತ್ ಬಂದೋಬಸ್ತು ಆಯಿತು. ಹಾಗೆಯೇ ಶಿಸ್ತ್ ಎಂಬುದು ಶಿಸ್ತು. ಪಾರಸಿಯಲ್ಲಿ ಅದು ಬಿಲ್ಲುಗಾರನ ಹೆಬ್ಬೆರಳ ಉಂಗುರ. ಅದರಿಂದ ಹಿಡಿದ ಗುರಿಯೂ ಹೌದು. ಕಣ್ಣು, ಬಾಣ, ಗುರಿ ಒಂದೇ ಗೆರೆಯಲ್ಲಿ ನಿಲ್ಲುವುದೇ ಶಿಸ್ತು. ಮರಾಠಿಯ ‘ಶಿಸ್ತ’ ಇಂದಿಗೂ ಗುರಿ, ಕ್ರಮ ಎಂಬೆರಡು ಅರ್ಥಗಳನ್ನೂ ಉಳಿಸಿಕೊಂಡಿದೆ. ನಾವಾದರೋ ಈ ಪರದೇಶದ ಮಾತಿಗೆ ಸಂಸ್ಕೃತದ ಉಡುಪು ತೊಡಿಸಿ ‘ಅಶಿಸ್ತು’ ಎನ್ನುತ್ತೇವೆ, ‘ಶಿಸ್ತುಬದ್ಧ’ ಎನ್ನುತ್ತೇವೆ, ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಆದರೆ ಈ ಮಾತಿಗೆ ಇನ್ನೊಂದು ಅರ್ಥವಿದೆ. ನಮ್ಮ ಮನೆಗಳು ಅದನ್ನು ಮರೆತಿವೆ. ನೆರೆಯ ತೆಲುಗು ಮರೆತಿಲ್ಲ. ತೆಲುಗಿನಲ್ಲಿ ಶಿಸ್ತು ಎಂದರೆ ಭೂಮಿಯ ಕಂದಾಯ. ಆ ಅರ್ಥದಲ್ಲಿ ಕನ್ನಡನಾಡಿನಲ್ಲಿ ಇದಕ್ಕೆ ಹೆಸರು ತಂದ ಸೀಮೆ ಕೆಳದಿಯದು. ಅಲ್ಲಿನ ಅರಸರ ರಾಜಧಾನಿ ಮೊದಲು ಕೆಳದಿ, ಬಳಿಕ ಇಕ್ಕೇರಿ. ಬಿಜಾಪುರದ ಸೇನೆ ಇಕ್ಕೇರಿಯನ್ನು ಸೂರೆಗೊಂಡ ಮೇಲೆ, 1639ರ ಸುಮಾರಿಗೆ, ಇಂದು ಹೊಸನಗರ ತಾಲ್ಲೂಕಿಗೆ ಸೇರಿರುವ ಬಿದನೂರು. ದಖ್ಖನದ ಸುಲ್ತಾನರ ನೆರೆಯಲ್ಲಿ ಬಾಳಿದ ಸೀಮೆಗಳಿಗೆ ರೈತ, ಜಮೀನು, ವಸೂಲಿ, ದಫ್ತರ ಮೊದಲಾದ ಮಾತುಗಳು ಹೇಗೆ ಬಂದುವೋ ಶಿಸ್ತು ಸಹ ಹಾಗೆಯೇ ಬಂದಿತೆಂದು ತಿಳಿಯುವುದು ಸಹಜ.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನು ಗದ್ದೆ ತೋಟಗಳ ಕಂದಾಯವನ್ನು ಗೊತ್ತುಪಡಿಸಿದ ಬಗೆಯನ್ನು ರೈಸರ ಮೈಸೂರು ಗೆಜೆಟಿಯರು ವಿವರಿಸುತ್ತದೆ. ಒಂದೊಂದು ಊರಿನಲ್ಲಿಯೂ ಒಂದು ಗದ್ದೆಯನ್ನು ಅರಸನು ಸ್ವಂತ ಖರ್ಚಿನಿಂದ 12 ವರ್ಷಗಳ ಕಾಲ ಬೇಸಾಯ ಮಾಡಿಸಿದನಂತೆ. ಬಿತ್ತಿದ ಬೀಜವೆಷ್ಟು, ತಗಲಿದ ವೆಚ್ಚವೆಷ್ಟು, ಬೆಳೆದ ಬೆಳೆಯೆಷ್ಟು, ಅದರ ಬೆಲೆಯೇನು ಎಂಬುದನ್ನೆಲ್ಲ ಬರೆಯಿಸಿ, ಸರಾಸರಿ ತೆಗೆದು, ಹುಟ್ಟುವಳಿಯ ಮೂರರಲ್ಲಿ ಒಂದು ಪಾಲನ್ನು ಅರಮನೆಯ ಪಾಲೆಂದು ನಿಶ್ಚಯಿಸಿದನು. ಅಡಕೆ ತೋಟಗಳನ್ನು ಅಳೆಯುವುದಕ್ಕೆ ಇಕ್ಕೇರಿಯ ಅಘೋರೇಶ್ವರ ದೇವಾಲಯದ ಮೆಟ್ಟಿಲಿನ ಉದ್ದವೇ ಅಳತೆಗೋಲಾಯಿತು. ಇಂಗ್ಲಿಷ್ ಲೆಕ್ಕದಲ್ಲಿ ಅದು 18 ಅಡಿ 6 ಅಂಗುಲ. ಒಂದು ಮರಕ್ಕೆ ಸಲ್ಲುವ ಈ ಜಾಗಕ್ಕೆ ‘ದಾಯ’ವೆಂದು ಹೆಸರು. ಸಾವಿರ ದಾಯಕ್ಕೆ, ತೋಟದ ಗುಣವನ್ನು ನೋಡಿ, 7 ವರಹದಿಂದ 25 ವರಹದವರೆಗೆ ಶಿಸ್ತು. ಜನ ಆ ಅರಸನನ್ನು ‘ಶಿಸ್ತಿನ ಶಿವಪ್ಪನಾಯಕ’ನೆಂದು ಕರೆದರು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಈ ಶಿಸ್ತು ಒಕ್ಕಲಿಗನನ್ನು ಕಟ್ಟುವುದಕ್ಕೆ ಮೊದಲು ಅರಸನನ್ನು ಕಟ್ಟಿತು. ಕೇಳುವವನು ಕೇಳುವ ಮುನ್ನ ತಾನೇ ಉತ್ತು ಬಿತ್ತಿ ನೋಡಿದನು. ಕೋಲಿನ ಅಳತೆಯನ್ನು ಗುಟ್ಟಾಗಿ ಇಡಲಿಲ್ಲ. ಊರವರೆಲ್ಲರೂ ಹತ್ತಿಳಿಯುವ ದೇವಾಲಯದ ಮೆಟ್ಟಿಲಿನಲ್ಲಿ ಅದಿತ್ತು. ಅಧಿಕಾರಿಯ ಕೋಲು ಉದ್ದವಾಯಿತೆಂದೋ ಗಿಡ್ಡವಾಯಿತೆಂದೋ ಅನುಮಾನ ಬಂದ ತೋಟಿಗನು ಹೋಗಿ ಹೋಲಿಸಿ ನೋಡಬಹುದಾಗಿತ್ತು. ಕೊಡಬೇಕಾದುದು ಇಷ್ಟು ಎಂಬುದು ಗೊತ್ತಾದಾಗ, ಕೇಳಬಾರದುದು ಎಷ್ಟು ಎಂಬುದೂ ಗೊತ್ತಾಯಿತು. ಮುಂದಿನವರು ಇದರ ಮೇಲೆ ಬೇರೆ ಬೇರೆ ಪಟ್ಟಿಗಳನ್ನು ಹೇರಿದರೆಂಬುದು ನಿಜ. ಆದರೆ ಅವು ಹೇರಿಕೆಯೆಂದು ಹೇಳುವುದಕ್ಕೂ ಜನರ ಕೈಯಲ್ಲಿ ಒಂದು ಮೂಲದ ಅಳತೆ ಉಳಿದಿತ್ತು. 1763ರಲ್ಲಿ ಹೈದರಾಲಿಯು ಬಿದನೂರನ್ನು ಗೆದ್ದನು, ಸಂಸ್ಥಾನ ಅಳಿಯಿತು. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಶಿವಪ್ಪನಾಯಕನ ಕಟ್ಟಳೆಯ ವಿಚಾರವನ್ನು ಆಗಲೂ ಕೇಳಿ ಬರೆದುಕೊಂಡನು.

ಕಂದಾಯದ ಶಿಸ್ತು ಮರೆಯಾಗಿ ನಡತೆಯ ಶಿಸ್ತು ಉಳಿಯಿತು. ಆದರೆ ಮಾತಿನ ಮುಖ ತಿರುಗಿದೆ. ಇಂದು ಅದು ದೊಡ್ಡವರಿಂದ ಚಿಕ್ಕವರ ಕಡೆಗೆ, ಮೇಲಿನವರಿಂದ ಕೆಳಗಿನವರ ಕಡೆಗೆ ಮಾತ್ರ ಹರಿಯುತ್ತದೆ. ಶಿಸ್ತನ್ನು ಬೇಡುವವರು ತಮ್ಮ ಅಳತೆಗೋಲನ್ನು ಹತ್ತು ಜನರ ಕಣ್ಣೆದುರಿಗೆ ಇಡುವುದು ಅಪರೂಪ. ತಾವು ಹೇಳುವುದನ್ನು ಹನ್ನೆರಡು ವರ್ಷ ಹಾಗಿರಲಿ, ಹನ್ನೆರಡು ದಿನ ಮಾಡಿ ನೋಡುವುದು ಇನ್ನೂ ಅಪರೂಪ. ಈ ಮಾತನ್ನು ಬರೆಯುತ್ತಿರುವವನೂ ಮನೆಯಲ್ಲಿ ಮಕ್ಕಳಿಗೆ ಶಿಸ್ತನ್ನು ಹೇಳುವವನೇ.

ಸಾಗರದ ಕಡೆಗೆ ಪ್ರವಾಸ ಹೋಗುವ ಅಧ್ಯಾಪಕರು ವಿದ್ಯಾರ್ಥಿಗಳನ್ನು ಇಕ್ಕೇರಿಗೆ ಕರೆದೊಯ್ಯುವುದುಂಟು. ಸಾಲಾಗಿ ನಿಲ್ಲಿರೆಂದು ಹುಡುಗರನ್ನು ಗದರುವ ಮೊದಲು, ಅಘೋರೇಶ್ವರನ ಮೆಟ್ಟಿಲುಗಳ ಬಳಿ ಒಂದು ಗಳಿಗೆ ನಿಂತು, ಆ ಕಲ್ಲಿನ ಉದ್ದವನ್ನು ಅವರ ಕೈಯಿಂದಲೇ ಅಳೆಯಿಸಲಿ.