ಸುತಳಿ ಬಿಚ್ಚುವ ಹೊತ್ತು

ನಸುಕಿನಲ್ಲೇ ಎದ್ದು ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಕಡೆ ಬನ್ನಿ. ಚಹಾದಂಗಡಿಯಲ್ಲಿ ಶುಂಠಿ ಜಜ್ಜುವ ಸದ್ದಿನ ನಡುವೆ ಪೇಪರ್ ಗಾಡಿ ಬರುತ್ತದೆ. ಎಂಜಿನ್ ಆರಿಸದೆಯೇ ಬಂಡಲ್‌ಗಳನ್ನು ಧೊಪ್ಪೆಂದು ಕಟ್ಟೆಗೆ ಒಗೆದು ರಾಯಬಾಗದ ದಾರಿ ಹಿಡಿಯುತ್ತದೆ. ಡೀಸೆಲ್ ಹೊಗೆ ತೆಳುವಾದಂತೆ ಹಸಿ ಶಾಯಿಯ ವಾಸನೆ ಮೇಲೇಳುತ್ತದೆ. ಹುಡುಗರು ಸುತಳಿ ಬಿಚ್ಚಿ, ಪ್ಲಾಸ್ಟಿಕ್ ಹಾಳೆ ಕಿತ್ತು ಕಾಲಲ್ಲಿ ಸರಿಸಿ, ಪುರವಣಿಗಳನ್ನು ಒಳಗೆ ಸೇರಿಸತೊಡಗುತ್ತಾರೆ. ಬೆರಳ ತುದಿಗಳು ಕಪ್ಪಾಗುತ್ತವೆ. "ಕಾಕಾ, ಇವತ್ತ ಜಾಹೀರಾತ ಭಾಳ ಅದಾವ್ರಿ, ಸೈಕಲ್ ಜಗ್ಗತೈತಿ" ಎಂದು ಒಬ್ಬ ಗೊಣಗುತ್ತಾನೆ. ನಿಪ್ಪಾಣಿಯಲ್ಲಾದರೆ ಇದೇ ಹೊತ್ತಿಗೆ ತಂಬಾಕಿನ ಘಾಟಿನ ನಡುವೆ ಕನ್ನಡ, ಮರಾಠಿ ಬಂಡಲ್‌ಗಳು ಮೈಗೆ ಮೈ ತಾಗಿಸಿ ಕೂತಿರುತ್ತವೆ.

ಸೈಕಲ್ ಜಗ್ಗುವ ಆ ಭಾರದಲ್ಲಿ ಮರದ ತಿರುಳಿದೆ, ಅರೆದು ಮತ್ತೆ ಹಾಳೆಯಾದ ರದ್ದಿಯಿದೆ, ನೀರು, ಕರೆಂಟು, ರಾತ್ರಿಯಿಡೀ ಉರಿದ ಡೀಸೆಲ್ ಇದೆ. ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಉಗಾರದ ಸಕ್ಕರೆ ಕಾರ್ಖಾನೆಯ ಕಡೆಗೋ ಎಲ್ಲಿಗೋ ಹೊರಟಿರುತ್ತದೆ. ಕಬ್ಬು ಹಿಂಡಿ ಉಳಿದ ಸಿಪ್ಪೆಯಿಂದಲೂ ಪತ್ರಿಕೆಯ ಕಾಗದವಾಗುತ್ತದೆ. ತಮಿಳುನಾಡು ಸರ್ಕಾರ 1979ರಲ್ಲಿ ಕರೂರು ಸೀಮೆಯಲ್ಲಿ ಅದಕ್ಕೆಂದೇ ಕಾರ್ಖಾನೆ ಹುಟ್ಟುಹಾಕಿತು. ನಮ್ಮ ಸೀಮೆಯ ಸಿಪ್ಪೆ ಹೆಚ್ಚಾಗಿ ಬಾಯ್ಲರಿಗೆ ಹೋಗುತ್ತದೆ.

2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಅಥಣಿ, ಕಾಗವಾಡದ ಹಳ್ಳಿಗಳಿಗೆ ನೀರು ನುಗ್ಗಿದಾಗ, ಮುಳುಗಿದ ಮನೆಗಳ ಲೆಕ್ಕವನ್ನು ಪತ್ರಿಕೆಗಳು ದಿನಾ ಕೊಟ್ಟವು. ಹವಾಮಾನ ಕೆಡಿಸುವ ತಮ್ಮದೇ ಹೊಗೆಯ ಲೆಕ್ಕ? ಲಂಡನ್ನಿನ ಗಾರ್ಡಿಯನ್ ಪತ್ರಿಕೆ ಅದೇ ವರ್ಷ ಪ್ಲಾಸ್ಟಿಕ್ ಹೊದಿಕೆ ಬಿಟ್ಟು ಆಲೂಗಡ್ಡೆ ಪಿಷ್ಟದ ಹೊದಿಕೆಗೆ ಬಂತು. 2030ರೊಳಗೆ ತನ್ನ ಇಂಗಾಲದ ಲೆಕ್ಕ ಸರಿದೂಗಿಸುವುದಾಗಿ ಮಾತು ಕೊಟ್ಟಿತು. 2020ರ ಜನವರಿಯಲ್ಲಿ ತೈಲ ಕಂಪನಿಗಳ ಜಾಹೀರಾತನ್ನೇ ಬೇಡವೆಂದಿತು. ನಮ್ಮಲ್ಲಿ 2022-23ರಿಂದ ಷೇರುಪೇಟೆಯ 1000 ದೊಡ್ಡ ಕಂಪನಿಗಳು ಪರಿಸರದ ವರದಿ ಕೊಡಲೇಬೇಕೆಂದು ಆ ಪೇಟೆಯ ನಿಯಂತ್ರಕ ಸೆಬಿ ಹೇಳಿದೆ. ಕನ್ನಡದ ದೊಡ್ಡ ದಿನಪತ್ರಿಕೆಗಳ ಸಂಸ್ಥೆಗಳು ಆ ಪೇಟೆಯಲ್ಲೇ ಇಲ್ಲ, ಕೇಳುವವರೂ ಇಲ್ಲ.

ಹಾಗೆಂದು ಇಲ್ಲಿ ಪತ್ರಿಕೆ ಒಂದೇ ದಿನಕ್ಕೆ ಸಾಯುವುದಿಲ್ಲ ಅನ್ನಿ. ಕಪಾಟಿನ ಹಾಸಾಗುತ್ತದೆ, ಚುರುಮುರಿಯ ಪೊಟ್ಟಣವಾಗುತ್ತದೆ (ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ, ಅದು ಬೇರೆ ಮಾತು). ಅಥಣಿ ಕಡೆಯ ದ್ರಾಕ್ಷಿ ತೋಟಕ್ಕೂ ಹೋಗುತ್ತದೆ: ಬಿಸಿಲು, ಚಳಿ ತಾಗಿ ಕಾಯಿ ಕೆಂಪಾಗದಿರಲೆಂದು ಗೊಂಚಲಿಗೆ ಹಾಳೆ ಸುತ್ತಿ ತುದಿ ಹೊಸೆಯುತ್ತಾರೆ. ಆದರೂ ಪತ್ರಿಕೆಯವರಲ್ಲಿ ಕೇಳುವುದಿಷ್ಟೇ: ವರ್ಷಕ್ಕೊಮ್ಮೆ, ಒಂದೇ ಒಂದು ಕಾಲಂನಲ್ಲಿ, ನಿಮ್ಮ ಕಾಗದವೆಷ್ಟು, ಡೀಸೆಲ್ ಎಷ್ಟು ಎಂದು ಅಚ್ಚು ಹಾಕಿ.