ನಿಂತಲ್ಲೇ ನಡಿಗೆ

ಹಾರಂಗಿಯಲ್ಲಿ ಮುಂಗಾರು ಹಿಡಿಯಿತೆಂದರೆ ಸಂಜೆಯ ತಿರುಗಾಟವು ತಾನಾಗಿಯೇ ನಿಂತುಹೋಗುವುದು. 2020ರ ಕೊರೋನಾ ಕಾಲದಿಂದೀಚೆಗೆ ಮನೆಯನ್ನೇ ಕಚೇರಿಯಾಗಿ ಮಾಡಿಕೊಂಡ ಉದ್ಯೋಗಸ್ಥರಿಗೂ, ಪರೀಕ್ಷೆಗೆ ಓದುವ ತರುಣರಿಗೂ ಆಗ ಕುರ್ಚಿಯೇ ಗತಿ. ಇಂಥವರು ಮನೆಯೊಳಗೆ ಟ್ರೆಡ್‌ಮಿಲ್ಲಿನ ಮೇಲೆ ನಡೆಯುತ್ತಲೇ ಕೆಲಸಮಾಡುವುದನ್ನು ಕಂಡು ನಗುವವರುಂಟು. ನಾವು ನಗಲಾರೆವು.

ಈ ಯಂತ್ರದ ಪೂರ್ವಚರಿತ್ರೆಯೇನೋ ಗೌರವದ್ದಲ್ಲ. 1818ರ ಸುಮಾರಿಗೆ ಇಂಗ್ಲೆಂಡಿನ ಇಂಜಿನಿಯರ್ ವಿಲಿಯಂ ಕ್ಯೂಬಿಟ್ ಸೆರೆಮನೆಯ ಕೈದಿಗಳನ್ನು ದುಡಿಸಲು ಮೆಟ್ಟಿಲುಚಕ್ರವನ್ನು ರಚಿಸಿದನು. ಗಾಣದೆತ್ತಿನ ಪಾಡು ಮನುಷ್ಯನಿಗೆ ಬಂದಿತು. ಶಿಕ್ಷೆಯ ಆ ಹೆಸರೇ ಇಂದು ಆರೋಗ್ಯಸಾಧನಕ್ಕೆ ನಿಂತಿರುವುದಕ್ಕೆ ನಮ್ಮ ಕುಳಿತ ಬಾಳೇ ಕಾರಣ. 1953ರಲ್ಲಿ ಜೆರ್ರಿ ಮಾರಿಸ್ ಮತ್ತು ಅವರ ಸಂಗಡಿಗರು, ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ಕುಳಿತೇ ಇರುವ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗವು ಕಡಿಮೆಯೆಂದು ತೋರಿಸಿದರು. ಅಂಚೆ ಹಂಚುವವರಿಗೂ ಮೇಜಿನ ಗುಮಾಸ್ತರಿಗೂ ಇದೇ ಅಂತರ. ಕಚೇರಿಯ ಮಹಾಶಯರು ಇದನ್ನು ಲಕ್ಷ್ಯಕ್ಕೆ ತಂದುಕೊಳ್ಳಬೇಕು.

ಗಂಟೆಗೆ ಎರಡು ಕಿಲೋಮೀಟರಿನ ಮಂದಗತಿ ಸಾಕು. ಆ ವೇಗದಲ್ಲಿ ಪುಸ್ತಕವನ್ನು ಓದಬಹುದು, ಸಭೆಯ ಮಾತನ್ನು ಕೇಳಬಹುದು. ಬೆರಳಚ್ಚು ಮಾತ್ರ ತಪ್ಪುವುದು. ಲೆಕ್ಕಪತ್ರಗಳಿಗೆ ಕುಳಿತುಕೊಳ್ಳುವುದೇ ಲೇಸು. ಯಂತ್ರಕ್ಕೆ ಹಣವಿಲ್ಲದವರು ಪುಸ್ತಕ ಹಿಡಿದು ಜಗಲಿಯಲ್ಲಿ ಶತಪಥ ತಿರುಗಿದರೂ ಆದೀತು. ಗಾಳಿಮಳೆಗೆ ವಿದ್ಯುತ್ತು ಹೋದರೆ ಯಂತ್ರ ನಿಲ್ಲುವುದು, ಜಗಲಿಗೆ ಆ ಭಯವಿಲ್ಲ.

ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದೆ. ಮೇಜಿನೆದುರಿನ ಮಂದ ನಡಿಗೆಯು ಆ ಲೆಕ್ಕಕ್ಕೆ ಸೇರದು. ಅದಕ್ಕೆ ಮಳೆ ಹೊಳವಾದ ದಿನ ಕೊಡೆ ಹಿಡಿದು ಅಣೆಕಟ್ಟಿನ ದಾರಿಯಲ್ಲಿ ಬಿರುಸಾಗಿಯೇ ನಡೆಯಬೇಕು.